ಮೊದಲೇ ಕಟ್ಟಿದ ಬ್ಯಾನರ್

ಮೊರಬದಲ್ಲಿ ನವಲಗುಂದದ ಬಸ್ಸಿಗೆ ಕಾಯುತ್ತ ಗಿರ್ಮಿಟ್ ಅಂಗಡಿಯ ಮುಂದೆ ಕೂತಿದ್ದೆ. ಎದುರಿನ ಕಂಬಕ್ಕೆ ಹೊಸ ಬ್ಯಾನರ್ ಕಟ್ಟಿದ್ದರು: ‘ವಿಶ್ವವಿದ್ಯಾಲಯ ಕಬಡ್ಡಿಯಲ್ಲಿ ಶ್ರೇಷ್ಠ ರೈಡರ್ ಪ್ರಶಸ್ತಿ ಪಡೆದ ನಮ್ಮೂರ ರೇಣುಕಾಗೆ ಅಭಿನಂದನೆಗಳು.’

“ಯಾವಾಗ ಬಂತು ಪ್ರಶಸ್ತಿ?” ಎಂದು ಕೇಳಿದೆ.

“ಇನ್ನೂ ಬಂದಿಲ್ರಿ. ಫೈನಲ್ ಈಗ ನಡದೈತಿ,” ಎಂದರು ಅಂಗಡಿಯ ಶಾಂತವ್ವ, ಚುರಮುರಿ ಕಲಸುತ್ತ. ರೇಣುಕಾ ಅವರ ಮಗಳು.

“ಬರದಿದ್ದರೆ?”

“ಯಾಕ ಬರಂಗಿಲ್ರಿ? ಮಳಿಗಾಲದಾಗ ನಮ್ಮ ಕರಿ ಮಣ್ಣಿನ ಎರಿ ಹೊಲದಾಗ ನಡದು ನೋಡ್ರಿ, ಒಂದೊಂದು ಕಾಲಿಗೆ ಎರಡು ಸೇರು ಮಣ್ಣು ಮೆತ್ತತೈತಿ. ಅಂಥಾದ್ರಾಗ ದಿನಾ ಓಡಿ ಕಾಲೇಜ್ ಬಸ್ ಹಿಡದಾಕಿ ಆಕಿ. ಮ್ಯಾಟಿನ ಮ್ಯಾಲ ಆಕಿ ಕಾಲು ಯಾರ ಕೈಗೆ ಸಿಗತಾವ?”

ನನ್ನ ಚಪ್ಪಲಿ ನೋಡಿಕೊಂಡೆ. ರಸ್ತೆ ಬಿಟ್ಟು ಹತ್ತು ಹೆಜ್ಜೆ ನಡೆದದ್ದಕ್ಕೇ ಇಟ್ಟಿಗೆಯಷ್ಟು ಭಾರವಾಗಿದ್ದವು.

ಅಷ್ಟರಲ್ಲಿ ಫೋನ್ ಬಂತು, ರೇಣುಕಾಳದೇ. ಶಾಂತವ್ವ ಸ್ಪೀಕರ್ ಹಾಕಿದರು.

“ಯವ್ವಾ, ಗೆದ್ವಿ! ಕಡೀ ರೈಡಿನ್ಯಾಗ ಮೂರು ಮಂದೀನ್ನ ಔಟ್ ಮಾಡಿದೆ! ಪ್ರಶಸ್ತಿ ಯಾರಿಗಂತ ಇನ್ನೂ ಹೇಳಿಲ್ಲ.”

ಅಂಗಡಿಯ ಮುಂದಿದ್ದವರೆಲ್ಲ ಕೇಕೆ ಹಾಕಿದರು. ಆ ಗದ್ದಲದಲ್ಲೇ ಶಾಂತವ್ವ ಫೋನಿಗೆ ಕೂಗಿ ಹೇಳಿದರು:

“ಅವ್ರು ಯಾವಾಗರೆ ಹೇಳ್ಲಿ, ನೀ ಬಸ್ ಹತ್ತಿ ಬಾ. ನಾವಿಲ್ಲಿ ಮುಂಜಾನೇನ ಹೇಳೇವಿ!”