ಎಣ್ಣೆ ತಿನ್ನುವ ಮಣ್ಣು

ನಮ್ಮ ಅಬ್ಬಾ ಊಟಕ್ಕೆ ಕುಳಿತರೆ ರೊಟ್ಟಿಗೂ ಡೀಸೆಲ್ ವಾಸನೆ ಹತ್ತುತ್ತಿತ್ತು. ಮರದ ಹೊಟ್ಟು ಹಾಕಿ ಎಷ್ಟು ತಿಕ್ಕಿದರೂ ಉಗುರ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಈಗಲೂ ಲಾರಿ ರಿಪೇರಿ ನಡೆಯುವಲ್ಲಿ ಹಾದುಹೋದರೆ ನಾನು ನಿಂತು ಆ ವಾಸನೆ ಎಳೆದುಕೊಳ್ಳುತ್ತೇನೆ.

ಅಬ್ಬಾ, ಅಂದರೆ ನನ್ನ ತಂದೆ ರಹಿಮಾನಸಾಬ, ರಾಣೇಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ ಇಪ್ಪತ್ತೆಂಟು ವರ್ಷ ಲಾರಿ ಗ್ಯಾರೇಜ್ ನಡೆಸಿದರು. ಇಂಜಿನ್‌ನಿಂದ ಇಳಿಸಿದ ಹಳೆಯ ಆಯಿಲ್ ಕುಡಿದು ಅಂಗಳದ ಮಣ್ಣು ಮಸಿಯಂತಾಗಿತ್ತು. 2003ರಲ್ಲಿ ನಿರ್ಮಲಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಧಾರವಾಡದಿಂದ ಬಂದು ಆ ಮಣ್ಣನ್ನೇ ಕೇಳಿದಳು.

“ಇದನ್ನ ಏನ್ ಮಾಡ್ತೀಯವ್ವಾ? ಮಂದಿ ಇಲ್ಲಿ ಕಾಲಿಡಾಕ ಹೇಸ್ತಾರ,” ಎಂದರು ಅಬ್ಬಾ.

“ಇದರಾಗ ಎಣ್ಣಿ ತಿಂದು ಬದುಕೋ ಬ್ಯಾಕ್ಟೀರಿಯಾ ಇರ್ತಾವ್ರಿ ಚಾಚಾ. ಬತ್ತಾಕ ಬಂದ ಎಣ್ಣಿ ಬಾವಿಗೆ ಇಂಥಾವನ್ನ ಬಿಟ್ರ, ಕಲ್ಲಿಗೆ ಹಿಡಕೊಂಡ ಎಣ್ಣೀನೂ ಸಡ್ಲ ಆಗಿ ಮ್ಯಾಲ ಬರ್ತೈತ್ರಿ.”

ಅಬ್ಬಾ ನಕ್ಕು, ತಾವೇ ಸಲಿಕೆ ತಂದು ಡಬ್ಬಿ ತುಂಬಿಕೊಟ್ಟರು.

ಎರಡು ವರ್ಷದ ನಂತರ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಟ್ಯಾಂಕರೊಂದು ಮಗುಚಿತು. ಕಾರ್ಖಾನೆಯ ಬಾಯ್ಲರಿಗೆ ಉರಿಸಲು ಒಯ್ಯುತ್ತಿದ್ದ ಕಪ್ಪು ಎಣ್ಣೆ ಭರಮವ್ವ ಎಂಬಾಕೆಯ ಮೆಣಸಿನಕಾಯಿ ಹೊಲಕ್ಕೆ ಹರಿಯಿತು. ಟ್ಯಾಂಕರ್ ಎತ್ತಲು ಕ್ರೇನಿನವರ ಜೊತೆ ಅಬ್ಬಾ ಹೋಗಿದ್ದರು. ಕೆಲಸ ಮುಗಿದಾಗ ಬದುವಿನ ಮೇಲೆ ಕೂತಿದ್ದ ಭರಮವ್ವ ಕೇಳಿದಳು: “ಅಣ್ಣಾರ, ಟ್ಯಾಂಕರ್ ಎತ್ತಿದ್ರಿ. ನನ್ನ ಹೊಲಾ ಯಾರು ಎತ್ತತಾರ್ರಿ?”

ಮರುದಿನ ಅಬ್ಬಾ ಗ್ಯಾರೇಜ್ ಮುಚ್ಚಿ ಧಾರವಾಡದ ಬಸ್ ಹತ್ತಿದರು.

ನಿರ್ಮಲಾ ಬಂದಳು. ಮೊದಲು ಗಟ್ಟಿ ಎಣ್ಣೆಯನ್ನು ಬಳಿದು ತೆಗೆಸಿದಳು. ನಮ್ಮ ಅಂಗಳದ ಮಣ್ಣಿನಿಂದ ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಕ್ಯಾನುಗಳಲ್ಲಿ ತಂದು, ಸಗಣಿ ಗೊಬ್ಬರದ ಜೊತೆ ಹೊಲಕ್ಕೆ ಹಾಕಿಸಿದಳು. ಮಣ್ಣು ಆರಬಾರದು, ಆಗಾಗ ತಿರುವಿ ಗಾಳಿಯಾಡಿಸಬೇಕು. ಆ ಕೆಲಸಕ್ಕೆಂದು ಪ್ರತಿ ಶುಕ್ರವಾರ ನಮಾಜು ಮುಗಿಸಿ ಅಬ್ಬಾ ಲೂನಾ ಹತ್ತುತ್ತಿದ್ದರು, ಹಿಂದೆ ನಾನು. ಆ ಪ್ರಯಾಣಗಳು ನನಗೆ ಹಬ್ಬದಂತಿದ್ದವು.

ಆರು ತಿಂಗಳ ಮೇಲೆ ಬಿತ್ತಿ ನೋಡಿದ ಜೋಳ ಹಳದಿಯಾಗಿ ಸತ್ತಿತು. ಭರಮವ್ವನ ತಾಳ್ಮೆ ಮುಗಿಯಿತು. “ಸಾಕು ಬಿಡ್ರಿ. ಊರ ಮಂದಿ ನಗಾಕತ್ತಾರ.”

ಅಬ್ಬಾ ಒಂದು ಹಿಡಿ ಮಣ್ಣೆತ್ತಿ ಮೂಸಿದರು. “ವಾಸನಿ ಕಡಿಮಿ ಆಗೇತಿ ತಂಗಿ. ಎಣ್ಣ್ಯಾಗ ಬದುಕಿದ ಮೂಗು ನಂದು. ಇನ್ನೊಂದು ಮಳಿಗಾಲ ನೋಡೂಣು.”

ನಿರ್ಮಲಾಳ ಪರೀಕ್ಷೆಯೂ ಅದನ್ನೇ ಹೇಳಿತು. ಮುಂದಿನ ಮಳೆಗೆ ಜೋಳ ಮೊಣಕಾಲೆತ್ತರ ಬಂತು. 2007ರಲ್ಲಿ, ಮಣ್ಣು ಮತ್ತೆ ಪರೀಕ್ಷೆಯಾದ ಮೇಲೆ, ಮೆಣಸಿನಕಾಯಿ ನೆಟ್ಟರು. ರಸ್ತೆ ಬದಿಯ ಒಂದು ಮೂಲೆಯಲ್ಲಿ ಮಾತ್ರ ಏನೂ ಬೆಳೆಯಲೇ ಇಲ್ಲ.

ಮರುವರ್ಷದ ಫೆಬ್ರುವರಿಯಲ್ಲಿ ಭರಮವ್ವ ಹಟ ಹಿಡಿದು ಅಬ್ಬಾನನ್ನೂ ನನ್ನನ್ನೂ ಬ್ಯಾಡಗಿ ಮಾರ್ಕೆಟ್ಟಿಗೆ ಕರೆದೊಯ್ದಳು. ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಅಬ್ಬಾ ಅವಳ ಕೆಂಪು ಮೆಣಸಿನಕಾಯಿ ಚೀಲಗಳ ನಡುವೆ ನಿಂತಿದ್ದರು. ಘಾಟಿಗೆ ಸೀನು ನಿಲ್ಲುತ್ತಿರಲಿಲ್ಲ, ಕಣ್ಣಲ್ಲಿ ನೀರು. “ಹೊರಗ ಹೋಗೂಣ ಬಾ ಅಬ್ಬಾ,” ಎಂದೆ.

“ಇರು ಜಾಹೀದಾ, ಲಿಲಾವು ಆಗ್ಲಿ. ಭರಮವ್ವನ ಮಾಲಿಗೆ ಎಷ್ಟು ಕೂಗ್ತಾರ ನೋಡೂಣು,” ಎಂದು ಸೀನುತ್ತಲೇ ನಿಂತರು.