ಹೌದಪ್ಪನ ಮೀನುತೊಟ್ಟಿ

ಕತ್ತಿ ಹಿಡಿದವನು ಗಿರಾಕಿಯ ಜೊತೆ ವಾದಕ್ಕೆ ನಿಲ್ಲಬಾರದು. ಕ್ಷೌರದಂಗಡಿಯ ಹೌದಪ್ಪ ಕಸುಬಿನ ಜೊತೆಗೇ ಕಲಿತ ಪಾಠ ಇದು. ಬೆಳಿಗ್ಗೆ ಕುರ್ಚಿಯಲ್ಲಿ ಕೂತವನು ಮುಷ್ಕರ ನ್ಯಾಯವೆಂದರೆ "ಹೌದು ಸಾರ್". ಮಧ್ಯಾಹ್ನ ಕೂತವನು ಮುಷ್ಕರದವರನ್ನೆಲ್ಲ ಒಳಗೆ ಹಾಕಬೇಕೆಂದರೆ ಅದಕ್ಕೂ "ಹೌದು ಸಾರ್". ಹೆತ್ತವರಿಟ್ಟ ಹೆಸರು ಮರೆತುಹೋಗಿ ಬೀದಿಯವರು ಇಟ್ಟದ್ದೇ ಉಳಿಯಿತು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಪರದೆಯ ಆಚೆ ಅಡುಗೆಮನೆ. ಕಾಯುವ ಗಿರಾಕಿಗಳ ಜಗಳ ಕೇಳಿ ಕೇಳಿ ತಲೆ ಚಿಟ್ಟುಹಿಡಿದು, ಬೆಂಚಿನ ಪಕ್ಕ ಗಾಜಿನ ತೊಟ್ಟಿ ತಂದಿಟ್ಟವಳು ಹೆಂಡತಿ. ಮೀನು ನೋಡುತ್ತಾ ಬಾಯಿ ಮುಚ್ಚಿಕೊಂಡಿರುತ್ತಾರೆಂದು ಅವಳ ಎಣಿಕೆ. ಜನ ಮುಷ್ಕರ ಬಿಟ್ಟು ಮೀನಿನ ಬೆನ್ನುಹತ್ತಿದರು.

"ದಿನಾ ನೀರು ಬದಲಿಸಯ್ಯಾ. ನೀನು ದಿನಾ ಸ್ನಾನ ಮಾಡಲ್ವಾ?" ಎಂದರು ನಿವೃತ್ತ ಮೇಷ್ಟ್ರು. ಹೌದಪ್ಪ ದಿನಾ ಬದಲಿಸಿದ.

"ಕೆರೆ ನೀರು ಯಾರು ಬದಲಿಸ್ತಾರೆ? ಮುಟ್ಟಲೇಬೇಡ" ಎಂದ ಲಾರಿ ಡ್ರೈವರ್. ಹೌದಪ್ಪ ಕೈಬಿಟ್ಟ, ತೊಟ್ಟಿ ಗಬ್ಬೆದ್ದಿತು. ಮತ್ತೊಬ್ಬ ಸೋಪು ಹಾಕಿ ತಿಕ್ಕು ಎಂದ. ಅದಕ್ಕೂ ಹೌದೆಂದ. ಮಾರನೆಯ ದಿನ ಕೆಂಪು ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು.

ಉಳಿದದ್ದು ಒಂದು ಕಪ್ಪು ಮೀನು. ಹೌದಪ್ಪನಿಗೆ ಅದೆಂದರೆ ಪ್ರಾಣ. ಇಡೀ ದಿನ ಬಾಯಿ ತೆರೆದು ಮುಚ್ಚಿದರೂ ಒಂದೇ ಒಂದು ಸಲಹೆ ಕೊಡದ ಜೀವ ಆ ಕೋಣೆಯಲ್ಲಿ ಅದೊಂದೇ.

ಹೆಂಡತಿ ಮೀನು ಮಾರುವವನನ್ನೇ ವಿಚಾರಿಸಿಕೊಂಡು ಬಂದಳು.

"ಕೇಳಿಸ್ಕೊಳ್ಳಿ. ವಾರಕ್ಕೊಂದ್ಸಲ, ಕಾಲು ಭಾಗ ನೀರು ಮಾತ್ರ ತೆಗೀಬೇಕು. ಹಾಕೋ ನೀರು ಒಂದು ದಿನ ಬಕೆಟ್‌ನಲ್ಲಿ ನಿಂತಿರಬೇಕು, ನಲ್ಲಿ ನೀರಿಗೆ ಹಾಕಿರೋ ಔಷಧಿ ಹಾರಿಹೋಗೋಕೆ. ಸೋಪು ಗೀಪು ಬೇಡ. ಫಿಲ್ಟರಿನ ಸ್ಪಂಜನ್ನ ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ನಲ್ಲಿ ಕೆಳಗೆ ತೊಳೆದ್ರೆ ನೀರು ಶುದ್ಧ ಮಾಡೋ ಒಳ್ಳೆ ಕ್ರಿಮಿಗಳೂ ಸಾಯ್ತವಂತೆ."

"ಹೌದು."

"ನನಗೆ ಹೌದು ಅಂದ್ರೆ ಏನ್ ಬಂತು ರೀ? ಅವರಿಗೆ ಇಲ್ಲ ಅನ್ನಿ. ಇದೂ ಸತ್ರೆ ಕೊಂದವರು ಅವರಲ್ಲ, ನೀವು."

ಮಾತು ನಾಟಿತು. ಮುಂದಿನ ವಾರ ಪುಢಾರಿ ಬಂದ. ಅವನನ್ನು ಎದುರುಹಾಕಿಕೊಂಡವರ ಮನೆಮುಂದಿನ ಬೀದಿದೀಪ ತಿಂಗಳುಗಟ್ಟಲೆ ಉರಿಯುವುದಿಲ್ಲ. ಕುರ್ಚಿಯಲ್ಲಿ ಕೂತ ಅವನ ಅರ್ಧ ಗಡ್ಡ ಹೆರೆದಾಗಿತ್ತು. ಕನ್ನಡಿಯಲ್ಲಿ ತೊಟ್ಟಿ ಅವನ ಕಣ್ಣಿಗೆ ಬಿತ್ತು.

"ಏನಯ್ಯಾ, ಗಾಜಿಗೆ ಪಾಚಿ ಹಿಡಿದಿದೆ! ಪೂರ್ತಿ ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜು. ಈಗಲೇ. ನಮ್ಮನೇಲಿ ಹಂಗೇ ಮಾಡಿಸೋದು."

"ನಿಮ್ಮನೆ ಮೀನು ಚೆನ್ನಾಗಿದಾವಾ ಸಾರ್?"

"ಅದಕ್ಕೇನು, ಹೊಸದು ತರಿಸ್ತಾನೇ ಇರ್ತೀವಿ."

ಹೌದಪ್ಪನ ನಾಲಿಗೆ ಅಭ್ಯಾಸಬಲದಿಂದ "ಹೌ" ಎಂದು ಹೊರಟೇಬಿಟ್ಟಿತು. ಪರದೆಯ ಆಚೆ ಪಾತ್ರೆಯ ಸದ್ದು ನಿಂತಿತು. ಅವನು ಉಳಿದ ಅಕ್ಷರ ನುಂಗಿಕೊಂಡ.

"ಆಗಲ್ಲ ಸಾರ್."

ಬೆಂಚಿನಲ್ಲಿದ್ದ ಮೇಷ್ಟ್ರು ಪತ್ರಿಕೆ ಕೆಳಗಿಳಿಸಿದರು. ಪುಢಾರಿ ಕುರ್ಚಿಯಿಂದ ಅರ್ಧ ಎದ್ದ. "ಏನಂದೆ?"

"ಆಗಲ್ಲ ಅಂದೆ. ಅಲ್ಲಾಡಬೇಡಿ, ಕತ್ತಿ ಗಂಟಲ ಮೇಲಿದೆ."

ಅದು ಬೆದರಿಕೆಯಲ್ಲ, ದಿನಾ ಎಲ್ಲರಿಗೂ ಹೇಳುವ ಮಾತೇ. ಪುಢಾರಿ ಮಾತ್ರ ಕಲ್ಲಾಗಿ ಕೂತ. ಅರ್ಧ ಗಡ್ಡ ಹೊತ್ತು ಬೀದಿಗಿಳಿಯುವ ಗುಂಡಿಗೆ ಯಾವ ಪುಢಾರಿಗಿದೆ? ಇನ್ನರ್ಧ ಮುಗಿಯುವವರೆಗೆ ಹೌದಪ್ಪ ಕಾಲು ಭಾಗ ನೀರಿನಿಂದ ಹಿಡಿದು ಸ್ಪಂಜಿನವರೆಗೆ ಎಲ್ಲವನ್ನೂ ಅವನ ಕಿವಿಗೆ ಹಾಕಿದ.

ಅಂದು ಸಂಜೆಯಿಂದ ಬೀದಿದೀಪ ಉರಿಯಲಿಲ್ಲ. ಪುಢಾರಿ ಬೇರೆ ಅಂಗಡಿ ಹಿಡಿದ. ಕಪ್ಪು ಮೀನು ಗುಂಡಗೆ, ಮೈತುಂಬಿಕೊಂಡು ತಿರುಗತೊಡಗಿತು.

ನೀರು ತೆಗೆಯುವ ದಿನ ಮೇಷ್ಟ್ರು ಬಾಯಿ ತೆರೆದರು. "ನೋಡಯ್ಯಾ, ನನ್ನ ಅಭಿಪ್ರಾಯ ಕೇಳಿದ್ರೆ..."

"ಕೇಳಿಲ್ಲ ಮೇಷ್ಟ್ರೇ," ಎಂದು ಹೌದಪ್ಪ ಅವರ ಕೈಗೆ ಬಕೆಟ್ ಕೊಟ್ಟ. "ಹಿಡ್ಕೊಳ್ಳಿ."

"ಎಷ್ಟು ಹೊತ್ತೋ?"

"ಕಾಲು ಭಾಗ ಆಗೋವರೆಗೂ!" ಎಂದಳು ಪರದೆಯ ಆಚೆಯಿಂದ ಹೆಂಡತಿ.