ಇನ್ನೊಂದೇ ಆಟ

ನನ್ನ ತಮ್ಮನ ತಲೆಗೆ ಬಿದ್ದದ್ದು ವಾಲಿಬಾಲ್ ನೆಟ್ ಕಟ್ಟುವ ಕಬ್ಬಿಣದ ಪೈಪು. ಒಂದೇ ಏಟು. ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದರಲ್ಲಿ ಕೆಲವು ದಿನ ಮಿಷಿನ್ನಿನ ಉಸಿರಿನಲ್ಲಿದ್ದು ಹೋಗಿಬಿಟ್ಟ. ಬಂಧುಗಳು ಈಗಲೂ ಕೇಳುತ್ತಾರೆ, ಒಂದು ಆಟಕ್ಕೆ ಯಾರಾದರೂ ಪ್ರಾಣ ಕೊಡುತ್ತಾರಾ ಎಂದು. ಅವನು ಯಾವ ಆಟವನ್ನೂ ಮುಗಿಯಲು ಬಿಡುತ್ತಿರಲಿಲ್ಲ ಎಂಬುದು ಅವನ ಜೊತೆ ಆಡಿ ಬೆಳೆದ ಅಕ್ಕನಾದ ನನಗೆ ಮಾತ್ರ ಗೊತ್ತು.

ನನಗೆ ಮುಗಿಯುವ ಆಟ ಇಷ್ಟ. ಯಲಹಂಕದಿಂದ ರಾಜಾನುಕುಂಟೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಮನೆಯ ಜಗಲಿಯ ಕಲ್ಲಿನ ಮೇಲೆ ಅಪ್ಪ ಇದ್ದಿಲಿನಲ್ಲಿ ಚೌಕಾಬಾರದ ಮನೆ ಬರೆದು ನಮ್ಮಿಬ್ಬರಿಗೂ ಆಟ ಹೇಳಿಕೊಟ್ಟಿದ್ದ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ. ಕಡಿದ ಮೇಲೆ ಒಳಸುತ್ತು ಹಾಕಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ನಾಲ್ಕೂ ಹಣ್ಣಾದರೆ ಆಟ ಮುಗಿಯಿತು, ಎದ್ದು ನೀರು ಕುಡಿಯಬಹುದು. ಆ ಎದ್ದು ನೀರು ಕುಡಿಯುವ ಸುಖಕ್ಕೇ ನಾನು ಆಡುತ್ತಿದ್ದೆ ಅನ್ನಿಸುತ್ತದೆ.

ಅವನಿಗೆ ಕಡಿಯುವುದಷ್ಟೇ ಬೇಕಿತ್ತು. ತನ್ನ ಕಾಯಿ ಹಣ್ಣಾಗುವ ಹಾಗಿದ್ದರೂ ಅದನ್ನು ಬಿಟ್ಟು ನನ್ನ ಕಾಯಿಯ ಹಿಂದೆ ಬರುತ್ತಿದ್ದ. ನಾನು ಕೊನೆಯ ಕಾಯಿಯನ್ನು ನಡುಮನೆಗೆ ಇಡುವ ಹೊತ್ತಿಗೆ ಕಾಲಿನಿಂದ ಎಲ್ಲವನ್ನೂ ಚೆಲ್ಲಾಡಿ, ಇದು ಲೆಕ್ಕಕ್ಕಿಲ್ಲ, ಇನ್ನೊಂದೇ ಆಟ ಅನ್ನುತ್ತಿದ್ದ. ಒಂದು ಸಲ ಕವಡೆಗಳನ್ನು ನನ್ನ ಮುಖಕ್ಕೆ ಎಸೆದ. ಕಣ್ಣಿನ ಪಕ್ಕ ಹರಿದು ರಕ್ತ ಬಂತು. ನಾನು ಅವನ ಕೂದಲು ಹಿಡಿದು ಗೋಡೆಗೆ ತಲೆ ಗುದ್ದಿಸಿದೆ. ಅಪ್ಪ ಬಂದು ಇಬ್ಬರಿಗೂ ಎತ್ತು ಹೊಡೆಯುವ ಬಾರುಕೋಲಿನಲ್ಲಿ ಬಾರಿಸಿದ. ಅಮ್ಮ ಇಲ್ಲದ ಮನೆ, ಬಿಡಿಸುವವರು ಯಾರೂ ಇರಲಿಲ್ಲ. ಬೆನ್ನ ಮೇಲೆ ಬಾಸುಂಡೆ ಹೊತ್ತುಕೊಂಡು ಅವನು ಮತ್ತೆ ಕವಡೆ ಆರಿಸುತ್ತಾ ಕೂತಿದ್ದ.

ಬುಗುರಿ ಅವನ ನಿಜವಾದ ಆಟ. ಅದರಲ್ಲಿ ಗೆಲ್ಲುವುದು ಅಂತ ಏನೂ ಇಲ್ಲ. ಸೋತವನ ಬುಗುರಿಯನ್ನು ಮಣ್ಣಿನಲ್ಲಿಟ್ಟು ಉಳಿದವರು ತಮ್ಮ ಬುಗುರಿಯ ಮೊಳೆಯಿಂದ ಅದಕ್ಕೆ ಗುನ್ನ ಹೊಡೆಯುತ್ತಾರೆ. ಮರ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ನಾಳೆ ಇನ್ನೊಬ್ಬನ ಸರದಿ. ನನ್ನ ತಮ್ಮ ತನ್ನ ಬುಗುರಿಯ ಮೊಳೆಯನ್ನು ಕಲ್ಲಿಗೆ ಉಜ್ಜಿ ಸೂಜಿಯಂತೆ ಮಾಡಿಕೊಂಡಿದ್ದ. ಹಿಂದಿನ ಬೀದಿಯಲ್ಲಿ ಅವನ ಓರಗೆಯವನೊಬ್ಬನಿದ್ದ. ಇಬ್ಬರೂ ಒಬ್ಬರ ಬುಗುರಿಯನ್ನು ಒಬ್ಬರು ಸೀಳಿಹಾಕುವುದು, ಹೊಸದು ತರುವುದು, ಮತ್ತೆ ಸೀಳುವುದು. ಒಂದೇ ತಟ್ಟೆಯಲ್ಲಿ ತಿಂದವರು ಕೂಡ ಅವರೇ.

ದೊಡ್ಡವನಾದ ಮೇಲೆ ಮೊಬೈಲಿನಲ್ಲಿ ಓಡುವ ಆಟ ಆಡುತ್ತಿದ್ದ. ಒಬ್ಬ ಓಡುತ್ತಲೇ ಇರುತ್ತಾನೆ, ಯಾವುದಕ್ಕೋ ಬಡಿದು ಬೀಳುತ್ತಾನೆ, ಮತ್ತೆ ಎದ್ದು ಓಡುತ್ತಾನೆ. ಇವನು ಎಲ್ಲಿಗೆ ಹೋಗಿ ಸೇರಬೇಕು ಎಂದು ನಾನು ಕೇಳಿದ್ದೆ. ಎಲ್ಲಿಗೂ ಇಲ್ಲ ಕಣಕ್ಕ, ಓಡೋದೇ ಆಟ ಎಂದು ನಕ್ಕಿದ್ದ. ಅಂಥ ಆಟಕ್ಕೆ ಇರುವ ಕೊನೆ ಒಂದೇ, ಬಡಿದು ಸಾಯುವುದು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ನನಗೆ ಮದುವೆಯಾಗಿ ಯಲಹಂಕದಲ್ಲೇ ಮನೆ. ಭಾನುವಾರ ಊರಿಗೆ ಬಂದು ಅಪ್ಪನಿಗೂ ತಮ್ಮನಿಗೂ ಅಡುಗೆ ಮಾಡಿ ಹೋಗುತ್ತಿದ್ದೆ. ಆ ಭಾನುವಾರ ಕೋಳಿಸಾರು ಮಾಡಿ, ಮುದ್ದೆ ತಿರುವಿಟ್ಟು, ಅವನನ್ನು ಕರೆಯಲು ಹೋದೆ. ನಮ್ಮ ಹೊಲವೇ ಈಗ ಲೇಔಟ್. ಅದರಲ್ಲಿ ಮನೆ ಏಳದೆ ಉಳಿದ ಎರಡು ಸೈಟುಗಳ ಮೇಲೆ ಹುಡುಗರು ವಾಲಿಬಾಲ್ ಆಡುತ್ತಾರೆ. ಹುಡುಗರು ಅನ್ನುತ್ತೇನೆ, ಎಲ್ಲರಿಗೂ ಮೂವತ್ತು ದಾಟಿತ್ತು.

ನಾನು ಹೋದಾಗ ಆಟ ಮುಗಿದಿತ್ತು. ಹಿಂದಿನ ಬೀದಿಯ ಆ ಸ್ನೇಹಿತನ ಕಡೆಯವರು ಗೆದ್ದಿದ್ದರು. ನೆಟ್ ಅವನದು. ಹಗ್ಗ ಬಿಚ್ಚಿ, ಪೈಪು ಕಿತ್ತು ಕೈಯಲ್ಲಿ ಹಿಡಿದಿದ್ದ. ನನ್ನ ತಮ್ಮ ಅವನ ಎದುರು ಅಡ್ಡ ನಿಂತಿದ್ದ.

"ಇನ್ನೊಂದೇ ಆಟ ಕಣೋ. ಗೆದ್ಬಿಟ್ಟು ಓಡೋಗ್ತೀಯಾ?"

"ಮುಗೀತು ಮಗಾ, ಹೊಟ್ಟೆ ಹಸೀತಿದೆ. ನಿಂಗೆ ಯಾವಾಗ್ಲೂ ಇನ್ನೊಂದೇ. ನಿಮ್ಮಪ್ಪ ಹೊಲ ಮಾರ್ದಂಗೆ, ಇನ್ನೊಂದೇ ಗುಂಟೆ, ಇನ್ನೊಂದೇ ಗುಂಟೆ ಅಂತ."

ಸುತ್ತ ಇದ್ದವರು ನಕ್ಕರು. ಅವನೂ ನಗುತ್ತಲೇ ಹೇಳಿದ್ದ. ನನ್ನ ತಮ್ಮ ಮುಷ್ಟಿಯಿಂದ ಅವನ ದವಡೆಗೆ ಗುದ್ದಿದ. ಅವನು ಬಾಯಿಂದ ರಕ್ತ ಉಗಿದ. ಇವನು ಮತ್ತೆ ಗುದ್ದಿದ, ಬಿದ್ದವನ ಪಕ್ಕೆಗೆ ಒದ್ದ, ಏಳು, ಆಡು ಎಂದು ಮತ್ತೆ ಒದ್ದ. ನಾನು ಕೂಗುತ್ತಾ ಓಡುತ್ತಿದ್ದೆ. ಮೇಲೆ ವಾಯುಪಡೆಯ ವಿಮಾನ ಹೋಗುತ್ತಿತ್ತು, ನನ್ನ ದನಿ ನನಗೇ ಕೇಳಲಿಲ್ಲ. ಬಿದ್ದಿದ್ದವನು ಮಂಡಿಯ ಮೇಲೆ ಎದ್ದು, ಎಲ್ಲಿಗೆಂದು ನೋಡದೆಯೇ ಕೈಯಲ್ಲಿದ್ದ ಪೈಪನ್ನು ಬೀಸಿದ. ತೆಂಗಿನಕಾಯಿ ಒಡೆದ ಸದ್ದು. ನಾನು ಹತ್ತಿರ ಹೋಗುವಷ್ಟರಲ್ಲಿ ತಮ್ಮನ ಕಿವಿಯಿಂದ ರಕ್ತ ಮಣ್ಣಿಗೆ ಇಳಿಯುತ್ತಿತ್ತು. ಹೊಡೆದವನೇ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳುತ್ತಿದ್ದ. ನಾನು ಅವನ ಮುಖಕ್ಕೆ ಎರಡೂ ಕೈಯಲ್ಲಿ ಹೊಡೆದೆ. ಅವನು ಹೊಡೆಸಿಕೊಂಡ.

ಅಪ್ಪನಿಗೆ ಆ ದಿನ ನಾನು ಏನನ್ನೂ ಬಿಡಿಸಿ ಹೇಳಲಿಲ್ಲ. ಊರು ಹೇಳಿತು. ಊರಿನ ಮಾತಿನಲ್ಲಿ ನನ್ನ ತಮ್ಮ ಕೈಯನ್ನೇ ಎತ್ತಿರಲಿಲ್ಲ. ಸತ್ತವನ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ. ಅಪ್ಪ ಅದನ್ನು ನಂಬಿದ, ಅದರ ಮೇಲೇ ಬದುಕಿದ.

ಕೆಲವು ತಿಂಗಳ ಮೇಲೆ ಹೊಡೆದವನು ಜಾಮೀನಿನಲ್ಲಿ ತನ್ನ ಮನೆಗೆ ಬಂದ. ನಾನು ಊರಿಗೆ ಹೋದಾಗ ಅಪ್ಪ ಜಗಲಿಯ ಮೇಲೆ ಕೂತು ಎಳನೀರು ಕೊಚ್ಚುವ ಮಚ್ಚನ್ನು ಕಲ್ಲಿಗೆ ಉಜ್ಜುತ್ತಿದ್ದ. ಎಳನೀರು ಎಲ್ಲೂ ಕಾಣಲಿಲ್ಲ. ಒಗೆದ ಪಂಚೆ ಉಟ್ಟಿದ್ದ. ನಾನು ಜಗಲಿಗೂ ಬೀದಿಗೂ ನಡುವೆ ನಿಂತೆ.

"ದಾರಿ ಬುಡವ್ವ. ಅವ್ನ್ ಮನೇಗ್ ಓಗ್ಬರ್ತೀನಿ."

ಕೇಸು ನಡೆಯುತ್ತಿದೆ, ನೀನು ಜೈಲಿಗೆ ಹೋದರೆ ನನಗೆ ತವರು ಇಲ್ಲ, ಎಂದೆಲ್ಲ ಹೇಳಿದೆ. ಕೇಳಲಿಲ್ಲ. ನನ್ನನ್ನು ಪಕ್ಕಕ್ಕೆ ತಳ್ಳಿದ. ಅಪ್ಪ ಹೋಗಿ ಅವನನ್ನು ಕಡಿಯುತ್ತಾನೆ, ಅವನ ಅಣ್ಣ ಬಂದು ಅಪ್ಪನನ್ನು ಕಡಿಯುತ್ತಾನೆ, ಆಮೇಲೆ ನನ್ನ ಗಂಡ, ಆಮೇಲೆ ಅವರ ಕಡೆಯ ಇನ್ಯಾರೋ. ಎಲ್ಲವೂ ಕಣ್ಣಿಗೆ ಕಂಡಿತು. ಯಾರ ಸರದಿ ಎಂದು ಎಣಿಸುವವರೂ ಉಳಿಯುವುದಿಲ್ಲ.

"ಮೊದ್ಲು ಹೊಡ್ದಿದ್ದು ನಮ್ಮವ್ನೇ ಅಪ್ಪ," ಅಂದೆ. "ನಾನೇ ನೋಡ್ದೆ. ಬಿದ್ದವನ್ನ ಒದೀತಾ ಇದ್ದ."

ಅಪ್ಪ ಮಚ್ಚಿನ ಹಿಂಬದಿಯಿಂದ ನನ್ನ ಭುಜಕ್ಕೆ ಹೊಡೆದ. ಮೂಳೆ ಮುರಿಯಿತು ಅಂದುಕೊಂಡೆ. ಸುಳ್ಳಿ, ಒಡಹುಟ್ಟಿದವನ ಹೆಣದ ಮೇಲೆ ಸುಳ್ಳು ಹೇಳ್ತೀಯಾ ಎಂದು ಇನ್ನೊಮ್ಮೆ ಎತ್ತಿದ. ನಾನು ಅಲ್ಲಾಡಲಿಲ್ಲ. ನನ್ನ ಮುಖ ನೋಡಿದ. ನಾನು ಯಾವತ್ತೂ ಅವನಿಗೆ ಸುಳ್ಳು ಹೇಳಿದವಳಲ್ಲ. ಕೈ ಇಳಿಯಿತು.

"ಯಾಕೊಡ್ದ?" ಎಂದು ಕೇಳಿದ.

ಹೊಲದ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆಟ ಮುಗೀತು ಅಂದಿದ್ದಕ್ಕೆ ಅಂದೆ.

"ಅಷ್ಟಕ್ಕಾ?"

"ಅಷ್ಟಕ್ಕೇ."

ಅಪ್ಪ ಮಚ್ಚನ್ನು ಕೆಳಗಿಟ್ಟು ಗೋಡೆಗೆ ಒರಗಿದ. ಆ ದಿನ ಹೋಗಲಿಲ್ಲ, ಇವತ್ತಿನವರೆಗೂ ಹೋಗಿಲ್ಲ. ಭಾನುವಾರ ನಾನು ಮಾಡಿಟ್ಟದ್ದನ್ನು ಉಣ್ಣುತ್ತಾನೆ, ತಟ್ಟೆ ತೊಳೆದಿಡುತ್ತಾನೆ, ನನ್ನ ಕಡೆ ನೋಡುವುದಿಲ್ಲ. ಕೋರ್ಟಿನಲ್ಲಿ ಕೇಳಿದರೂ ಮೊದಲು ಹೊಡೆದದ್ದು ನಮ್ಮವನೇ ಎಂದೇ ನಾನು ಹೇಳಬೇಕಾಗುತ್ತದೆ. ಅದು ಅಪ್ಪನಿಗೂ ಗೊತ್ತು.